ಬಾಗಿದ ಹಿಡಿ

“ಕಣ್ಣು ಮುಚ್ಚಿ, ಅಧ್ಯಕ್ಷರೇ. ಕೋವಿ ಎತ್ತಿ ಕೆನ್ನೆಗೆ ಒತ್ತಿ ಹಿಡೀರಿ. ಆಮೇಲೆ ಕಣ್ಣು ಬಿಟ್ಟು ನನ್ನ ಬಲಗಣ್ಣಿಗೆ ಗುರಿ ಇಡಿ,” ಎಂದಳು ರೂಮೆನಾ.

ಶಿಕಾರಿ ಸಂಘದ ಅಧ್ಯಕ್ಷ ರಾಡಿಸಾವ್ ನಕ್ಕ. “ನಿಮ್ಮಪ್ಪನೂ ಹೀಗೇ ಹುಚ್ಚಾಟ ಆಡಿಸ್ತಿದ್ದ. ಎದೆ ನಡುಗುತ್ತೆ ಕೂಮಾ.”

“ನಡುಗಬೇಕಾದ್ದು ನನ್ನೆದೆ. ನಿಮಗ್ಯಾಕೆ ನಡುಕ?”

ಕೋವಿಯ ಬೋಲ್ಟನ್ನು, ಗುಂಡು ಸಿಡಿಸುವ ಅಗುಳಿಯನ್ನು, ಅವಳೇ ಕಳಚಿ ಮೇಜಿನ ಮೇಲೆ ಇಟ್ಟಿದ್ದಳು. ನಳಿಗೆ ಖಾಲಿ ಎಂದು ಗೊತ್ತಿದ್ದರೂ ಇನ್ನೊಮ್ಮೆ ಆ ಕಡೆ ನೋಡಿದಳು. ನಂತರ ಕಿಟಕಿಗೆ ಬೆನ್ನು ಮಾಡಿ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ಕೋವಿಗೆ ಮರದ ಹಿಡಿ ಕೂರಿಸುವ ಅವಳಪ್ಪನ ಪದ್ಧತಿ ಇದು. ದಾರ ಹಿಡಿದು ಕೈಯುದ್ದ ಅಳೆಯಬಹುದು, ಕತ್ತಿನುದ್ದ ಅಳೆಯಬಹುದು. ಆದರೆ ಮನುಷ್ಯ ಕೋವಿಯ ಹಿಂದೆ ಹೇಗೆ ನೋಡುತ್ತಾನೆ ಅನ್ನುವುದು ಕೋವಿಯ ಮುಂದೆ ನಿಂತವರಿಗೆ ಮಾತ್ರ ಕಾಣುತ್ತದೆ.

ಎರಡು ವರ್ಷದ ಹಿಂದೆ ಇದೇ ನಳಿಗೆಯಿಂದ ಹೊರಟ ಗುಂಡು ಅವಳ ಗಂಡ ಬ್ಲಾಗೊಯೆಯ ತೊಡೆ ಹೊಕ್ಕಿತ್ತು.

ರಾಡಿಸಾವ್ ಕಣ್ಣು ಮುಚ್ಚಿ ಕೋವಿ ಎತ್ತಿದ. ಕಣ್ಣು ಬಿಟ್ಟ. ನಳಿಗೆಯ ಕಪ್ಪು ಬಾಯಿಯ ಹಿಂದೆ ಅವನ ಬಲಗಣ್ಣು ಕಾಣಬೇಕಿತ್ತು. ಕಾಣಲಿಲ್ಲ. ಕಾಳು ಹುಡುಕುವ ಕೋಳಿಯ ಹಾಗೆ ಅವನ ತಲೆ ಓರೆಯಾಯಿತು. ಗದ್ದ ಮರವನ್ನು ದಾಟಿ ಆಚೆ ಬಂತು. ನಳಿಗೆಯ ನೇರಕ್ಕೆ ಎಡಗಣ್ಣು ಬಂದು ನಿಂತಿತು. ಬಲಗಣ್ಣು ಕಂದಾಗಿ, ಒದ್ದೆಯಾಗಿ, ನೋಡಲು ಚೆನ್ನಾಗಿಯೇ ಇತ್ತು. ಆದರೆ ಅದು ಅವಳನ್ನು ನೋಡುತ್ತಿರಲಿಲ್ಲ.

“ಇನ್ನೊಂದ್ಸಲ,” ಎಂದಳು. ಮತ್ತೆ ಎಡಗಣ್ಣು.

“ಮೂರನೇದು.”

ಮತ್ತೆ ಎಡಗಣ್ಣು. “ಸಾಕು, ಕೂತ್ಕೊಳ್ಳಿ,” ಎಂದು ನೀರು ತಂದಿಟ್ಟಳು.

ಅವನು ಲೋಟವನ್ನೂ ಅದರ ಪಕ್ಕದ ಖಾಲಿ ಜಾಗವನ್ನೂ ನೋಡಿದ. “ಬರೀ ನೀರಾ? ಒಂದು ಚಮಚ ಗುಲಾಬಿ ಸಿಹಿ ಇಲ್ದೆ ಈ ಮನೇಲಿ ನಂಗೆ ಯಾರೂ ನೀರು ಕೊಟ್ಟಿಲ್ಲ.”

“ಈ ವರ್ಷ ಗುಲಾಬಿ ಹೂ ಬಿಡಲಿಲ್ಲ.”

ಕಿಟಕಿಯ ಹೊರಗೇ ಗುಲಾಬಿ ಗಿಡ ಹೂ ತುಂಬಿ ಬಾಗಿತ್ತು. ಇಬ್ಬರೂ ಅದನ್ನು ನೋಡಿದರು.

ರಾಡಿಸಾವ್ ಗಂಡಹೆಂಡತಿ ಇಬ್ಬರಿಗೂ ಕೂಮ; ಆ ನಂಟಿನವರು ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಾರೆ. ಅವರ ಮದುವೆಯಲ್ಲಿ ಮೇಣದಬತ್ತಿ ಹಿಡಿದು ಬಲಕ್ಕೆ ನಿಂತು ಸಾಕ್ಷಿ ಹೇಳಿದವನು. ಮಗಳಿಗೆ ಹೆಸರಿಟ್ಟವನು. ಒಡಹುಟ್ಟಿದವರ ಜೊತೆ ಜಗಳವಾಡಬಹುದು, ಕೂಮನ ಜೊತೆ ಆಡುವಂತಿಲ್ಲ. ಕೂಮ ಸುಳ್ಳು ಹೇಳುವುದಂತೂ ಈ ಗುಡ್ಡಗಾಡಿನಲ್ಲಿ ಯಾರೂ ಕೇಳಿರದ ಮಾತು. ಅಂಥವನು ಶಿಕಾರಿ ಸಂಘದ ವಿಚಾರಣೆಯಲ್ಲಿ ಎದೆಯ ಮೇಲೆ ಕೈ ಇಟ್ಟು ಹೇಳಿದ್ದ: ಗದ್ದಲ ಮಾಡಿ ಹಂದಿ ಸೋವುವಾಗ ಬ್ಲಾಗೊಯೆ ಏಳನೆಯ ನಂಬರಿನ ಗೂಟದ ತನ್ನ ಜಾಗ ಬಿಟ್ಟು ಹತ್ತು ಹೆಜ್ಜೆ ಮುಂದೆ ಬಂದಿದ್ದ, ಪೊದೆ ಅಲುಗಿತು, ನಾನು ಈಡು ಹೊಡೆದೆ. ಅದನ್ನೇ ಪುಸ್ತಕದಲ್ಲಿ ಬರೆದರು. ಜಾಗ ಬಿಟ್ಟವನಿಗೆ ಸಂಘದಲ್ಲಿ ಜಾಗವಿಲ್ಲ. ಬ್ಲಾಗೊಯೆಯ ಕೋವಿಯನ್ನೂ ತೆಗೆದುಕೊಂಡು ಹೋದರು.

ಊರುಗೋಲಿನ ಮೇಲೆ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ಬ್ಲಾಗೊಯೆ, “ನಾನು ಅಲುಗಿರಲಿಲ್ಲ,” ಎನ್ನುತ್ತಿದ್ದ. ಎರಡನೆಯ ವರ್ಷ, “ಒಂದೆರಡು ಹೆಜ್ಜೆ ಇಟ್ಟಿದ್ದೆನೋ ಏನೋ,” ಎಂದ. ಈ ಬೇಸಿಗೆಯಲ್ಲಿ ಮೆಣಸಿನಕಾಯಿ ಪೋಣಿಸುತ್ತ ಕೂತವನು, ಯಾರೂ ಕೇಳದೆಯೇ, “ನಂದೇ ತಪ್ಪು ಬಿಡು,” ಎಂದುಬಿಟ್ಟ. ಕುಂಟು ಕಾಲನ್ನು ರೂಮೆನಾ ಹೇಗೋ ಸಹಿಸಿಕೊಂಡಿದ್ದಳು. ಈ ಮಾತನ್ನು ಮಾತ್ರ ಸಹಿಸಲಾಗಲಿಲ್ಲ. ಅವತ್ತಿನಿಂದ ಅವಳೊಳಗೆ ಒಂದು ಉಳಿ ಮಸೆಯುತ್ತಲೇ ಇತ್ತು.

ರಾಡಿಸಾವ್ ಚೀಲದಿಂದ ಕಪ್ಪು ಪ್ಲಾಸ್ಟಿಕ್ಕಿನ ಹಿಡಿಯೊಂದನ್ನು ತೆಗೆದ. ಕೆನ್ನೆ ಊರುವ ದಿಂಬನ್ನು ತಿರುಪಿನಿಂದ ಏರಿಸಿ ಇಳಿಸಬಹುದಾದ ಬಗೆಯದು. “ಅಂಚೆಯಲ್ಲಿ ತರಿಸಿದೆ. ನಿಮ್ಮಪ್ಪ ಮಾಡಿದ್ದು ಈಗ ಕೆನ್ನೆಗೆ ಕೂರ್ತಾ ಇಲ್ಲ. ಹಲ್ಲು ಕಿತ್ತಿಸಿದ್ನಲ್ಲ, ಅದಕ್ಕಿರಬೇಕು. ಇದನ್ನ ಜೋಡಿಸಿಕೊಡು, ಅಷ್ಟೇ.”

“ಇದನ್ನ ಎಷ್ಟು ಏರಿಸಿದ್ರೂ ನಿಮಗೆ ಆಗಲ್ಲ.”

“ಯಾಕೆ?”

ಅವಳು ಹಳೆಯ ಹಿಡಿಯ ತಿರುಪುಗಳನ್ನು ಬಿಚ್ಚಿದಳು. ಅಕ್ರೋಟು ಮರದ್ದು, ಅಪ್ಪನ ಕೈಕೆಲಸ. ಅದನ್ನು ಬೆಳಕಿಗೆ ಹಿಡಿದಳು. ಕೆನ್ನೆ ಊರುವ ಎಡಪಕ್ಕದಲ್ಲಿ ಎಣ್ಣೆಯ ಹೊಳಪು ಹಾಗೇ ಇತ್ತು. ಸವೆದದ್ದು ಮರದ ನೆತ್ತಿಯ ಆಚೆ, ಬಲಪಕ್ಕದಲ್ಲಿ. ಯಾರ ಕೆನ್ನೆಯೂ ಮುಟ್ಟಬಾರದ ಆ ಜಾಗದಲ್ಲಿ, ಬೆವರೂ ಗಡ್ಡದ ಕೂಳೆಯೂ ತಿಂದು, ಮರ ಮಂಕಾಗಿ ಹೆಬ್ಬೆರಳಗಲ ಬಿಳಿಚಿತ್ತು.

ಈ ಹಿಡಿಗೆ ಕೊನೆಯ ಸಲ ಅಗಸೆ ಎಣ್ಣೆ ತಿಕ್ಕಿದ್ದು ಅವಳೇ. ಗುಂಡು ಹಾರಿದ ವರ್ಷದ ವಸಂತದಲ್ಲಿ. ಗುಂಡು ಹಾರಿದ ಸಂಜೆಯೇ ಪೊಲೀಸರು ಕೋವಿಯನ್ನು ಒಯ್ದು ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. ಅದು ವಾಪಸು ಬಂದು ಇನ್ನೂ ಒಂಬತ್ತು ದಿನ. ಎರಡು ಹಂಗಾಮು ರಾಡಿಸಾವ್ ಬರೀ ಕೊಂಬು ಊದಿಕೊಂಡು ತಿರುಗಿದ್ದ.

“ಕಣ್ಣು ಎಂದಿನಿಂದ ಹೀಗೆ?” ಎಂದು ಕೇಳಿದಳು, ಮರದಿಂದ ತಲೆ ಎತ್ತದೆ.

ಅವನು ನೀರು ಕುಡಿದ. ಲೋಟ ಪೂರ್ತಿ ಖಾಲಿ ಮಾಡಿದ. “ಈ ಬೇಸಿಗೆಯಿಂದ. ಒಂದು ಬೆಳಿಗ್ಗೆ ಎದ್ದೆ, ಬಲಗಡೆ ಪರದೆ ಎಳೆದ ಹಾಗಾಯ್ತು. ಯಾರಿಗೂ ಹೇಳ್ಬೇಡ ಕೂಮಾ. ಸಂಘದ ಐವತ್ತನೇ ವರ್ಷದ ಶಿಕಾರಿ, ಮೊದಲ ಈಡು ಅಧ್ಯಕ್ಷನೇ ಹೊಡೀಬೇಕು ಅಂತಾರೆ. ಇದೊಂದು ಹಂಗಾಮು ದಾಟಿಸಿಬಿಡು.”

“ಈ ಬೇಸಿಗೆಯಿಂದ,” ಎಂದಳು ಅವಳು, ಬರೆದುಕೊಳ್ಳುವವಳ ಹಾಗೆ.

ಹಿಡಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಕೂಗಿ ಬ್ಲಾಗೊಯೆಯನ್ನು ಕರೆಯಬಹುದಿತ್ತು. ಅವನು ಹಿತ್ತಲಲ್ಲೇ ಇದ್ದ, ಬಾತುಗಳಿಗೆ ಬೈಯುತ್ತಿದ್ದದ್ದು ಕೇಳುತ್ತಿತ್ತು. ಕರೆದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಅವನು ಕೈ ಒರೆಸಿಕೊಂಡು ಬಂದು, ‘ಬಿಡೇ, ಕೂಮ ಅವನು’ ಎಂದು ತಾನೇ ಕ್ಷಮೆ ಕೇಳುತ್ತಿದ್ದ.

“ಎರಡು ದಾರಿ ಇದೆ,” ಎಂದಳು. “ಒಂದು, ಎಡಭುಜಕ್ಕೆ ಹಿಡಿ ಮಾಡ್ತೀನಿ, ಎಡಗೈಯವರ ಹಾಗೆ ಹೊಡೀರಿ.”

“ಅರವತ್ತು ದಾಟಿದ ಮೇಲೆ? ಎಲ್ಲರೂ ಯಾಕೆ ಅಂತ ಕೇಳೋದಿಲ್ವಾ?”

“ಇನ್ನೊಂದು, ಕತ್ತು ಬಾಗಿದ ಹಿಡಿ. ಬುಡ ಬಲಭುಜದಲ್ಲೇ ಇರುತ್ತೆ, ನಳಿಗೆ ಎಡಗಣ್ಣಿನ ಮುಂದೆ ಬರುತ್ತೆ.” ಗೋಡೆಯಲ್ಲಿ ತೂಗುಹಾಕಿದ್ದ ಹಳೆಯ ಮಾದರಿಗಳಲ್ಲಿ ಒಂದನ್ನು ತೋರಿಸಿದಳು. ಸ್ವಲ್ಪವೇ ಬಾಗಿದ್ದು.

ಅವನ ಮುಖ ಅರಳಿತು. “ಇದೇ ಇರಲಿ. ಎಷ್ಟು ಕಡಿಮೆ ಬಾಗುತ್ತೋ ಅಷ್ಟು ಒಳ್ಳೇದು.”

“ಎಷ್ಟು ಬೇಕೋ ಅಷ್ಟೇ ಬಾಗುತ್ತೆ.” ಅವಳು ದಾರ ತೆಗೆದು ಅವನ ಭುಜದಿಂದ ಎಡಗಣ್ಣಿನ ನೇರಕ್ಕೆ ಹಿಡಿದಳು. ಅವನ ಕುತ್ತಿಗೆಯ ಬಿಸಿ, ತಂಬಾಕಿನ ವಾಸನೆ. ನಾಲ್ಕು ಬೆರಳು. ಹತ್ತಿರಹತ್ತಿರ ಐದು.

ಹೊರಡುವಾಗ ಬಾಗಿಲಲ್ಲಿ ನಿಂತು ಅವನು ಧಾರಾಳವಾದ. “ಬ್ಲಾಗೊಯೆನೂ ಬರಲಿ ಈ ಸಲ. ನಾನು ಹೇಳ್ತೀನಿ ಅವರಿಗೆಲ್ಲ. ಕೋವಿ ಕೊಡೋಕಾಗಲ್ಲ, ಹಂದಿ ಸೋವೋರ ಜೊತೆ ತಗಡು ಬಡ್ಕೊಂಡು ಬರಲಿ. ಮನಸ್ಸಿಗೆ ಹಗುರಾಗುತ್ತೆ.”

“ಕುಂಟ ತಗಡು ಬಡೀತಾ ಬಂದ್ರೆ ಹಂದಿಗಳಿಗೂ ನಗು ಬರುತ್ತೆ ಅಲ್ವಾ, ಅಧ್ಯಕ್ಷರೇ?”

“ನಿನ್ನ ನಾಲಿಗೆ ಒಂದು,” ಎಂದ ಅವನು. “ಕೆಲಸ ಮುಗಿದ ತಕ್ಷಣ ಹೇಳು, ಬಂದು ಒಯ್ತೀನಿ.”

“ಎಣ್ಣೆ ಒಣಗಬೇಕು. ಶಿಕಾರಿ ದಿನ ಬೆಳಿಗ್ಗೆ ನಾನೇ ತಂದುಕೊಡ್ತೀನಿ. ಹಳೇ ಹಿಡಿ ಇಲ್ಲೇ ಇರಲಿ, ಅಳತೆಗೆ ಬೇಕು.”

“ಬೆಳಗ್ಗೆ ಬೇಗ ಬಾ. ಎಲ್ಲರೂ ಸೇರೋ ಮುಂಚೆ.”

ರೂಮೆನಾ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು.

ಬುಡದಲ್ಲಿ ತಾನಾಗಿಯೇ ಬಾಗಿ ಬೆಳೆದ ಅಕ್ರೋಟಿನ ತುಂಡೊಂದು ಅಟ್ಟದ ಮೇಲೆ ಅಪ್ಪನ ಕಾಲದಿಂದ ಬಿದ್ದಿತ್ತು. ಆರು ವಾರ ಅದರ ಜೊತೆ ಕಳೆದಳು. ಉಳಿ, ಅರ, ಉಪ್ಪುಕಾಗದ, ಮತ್ತೆ ಎಣ್ಣೆ. ಕೈ ಕೆಲಸ ಮಾಡುತ್ತಿದ್ದಾಗ ಮನಸ್ಸು ಬೇರೆ ಕೆಲಸ ಮಾಡುತ್ತಿತ್ತು. ಹಿಡಿಯನ್ನು ಅರ್ಧ ಬೆರಳು ಗಿಡ್ಡ ಮಾಡಿದರೆ ಸಾಕು, ಈಡು ಹೊಡೆದಾಗ ನಳಿಗೆಯ ಮೇಲೆ ಕೂರಿಸುವ ದುರ್ಬೀನು ಹಿಮ್ಮೆಟ್ಟಿ ಬಂದು ಅವನ ಹುಬ್ಬು ಸೀಳುತ್ತದೆ. ಹಣೆಯ ಮೇಲೆ ಅರ್ಧಚಂದ್ರ. ಶಿಕಾರಿಯವರಲ್ಲಿ ಅದು ಹೆಡ್ಡನ ಗುರುತು. ಒಂದು ಇಡೀ ಮಧ್ಯಾಹ್ನ ಆ ರಕ್ತವನ್ನು ನೆನೆಯುತ್ತ ಖುಷಿಪಟ್ಟಳು. ಆದರೆ ಆ ಗಾಯ ಮಾಯುತ್ತದೆ, ಅವರೆಲ್ಲ ನಗುತ್ತಾರೆ, ಹೆಗಲ ಮೇಲೆ ಕೈ ಹಾಕಿ ಕುಡಿಸುತ್ತಾರೆ. ಗುರಿ ಒಂದು ಕೂದಲೆಳೆ ತಪ್ಪುವಂತೆ ಮಾಡಬಹುದು. ಆದರೆ ತಪ್ಪಿದ ಗುಂಡು ಎಲ್ಲೋ ಒಂದು ಕಡೆ ಹೋಗಲೇಬೇಕು, ಅಲ್ಲಿ ಇನ್ಯಾರದೋ ಗಂಡ ನಿಂತಿರುತ್ತಾನೆ. ಮಾಡುವುದಿಲ್ಲ ಎಂದು ಕೋವಿ ಹಿಂದಿರುಗಿಸಿದರೆ? ಅವನು ಕುರುಡುಗಣ್ಣನ್ನೇ ಹೊತ್ತು ಕಾಡಿಗೆ ಹೋಗುತ್ತಾನೆ.

ಕೊನೆಗೆ ಅವಳು ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದಳು. ಎಷ್ಟು ಬೇಕೋ ಅಷ್ಟು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಜೀವಮಾನದಲ್ಲಿ ಅಷ್ಟು ಒಳ್ಳೆಯ ಹಿಡಿಯನ್ನು ಅವಳು ಮಾಡಿರಲಿಲ್ಲ.

“ಯಾರ ಕೋವಿಗೇ ಇದು?” ಎಂದು ಒಮ್ಮೆ ಬ್ಲಾಗೊಯೆ ಕೇಳಿದ. “ಬಾತಿನ ಕತ್ತಿದ್ದ ಹಾಗಿದೆ.”

“ಎಲ್ಲರೂ ನೋಡೋ ದಿನ ನೀನೂ ನೋಡು,” ಎಂದಳು.

ಶಿಕಾರಿಯ ಬೆಳಿಗ್ಗೆ ಅವರು ಹೊರಟಾಗ ಮಂಜು ಕರಗಿತ್ತು. ಬ್ಲಾಗೊಯೆ ಬರಲು ಒಪ್ಪಿರಲಿಲ್ಲ. “ಕೋವಿಯ ಪೆಟ್ಟಿಗೆ ಭಾರ, ನನ್ನ ಸೊಂಟ ಹಿಡ್ಕೊಂಡಿದೆ,” ಎಂದು ಸುಳ್ಳು ಹೇಳಿ ಹೊರಡಿಸಿದ್ದಳು. ಕಾಡಂಚಿನ ಸಂಘದ ಮನೆಯೆದುರು ಕಡಾಯಿಯಲ್ಲಿ ಹುರುಳಿಕಾಯಿ ಬೀಜದ ಸಾರು ಕುದಿಯುತ್ತಿತ್ತು. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಮೂವತ್ತು ಗಂಡಸರು ಪ್ಲಮ್ ಸಾರಾಯಿಯ ಪುಟ್ಟ ಗ್ಲಾಸು ಹಿಡಿದು ನಿಂತಿದ್ದರು. ಬ್ಲಾಗೊಯೆಯನ್ನು ಕಂಡು ಕೆಲವರು ಗ್ಲಾಸಿನತ್ತ ಕಣ್ಣು ತಗ್ಗಿಸಿದರು. ಅವನು ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ಬೇಲಿಯ ಬಳಿ ಹೋಗಿ ನಿಂತ.

ರಾಡಿಸಾವ್ ದಾಪುಗಾಲು ಹಾಕಿ ಬಂದ. “ಬೇಗ ಬಾ ಅಂದಿದ್ದೆ,” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. “ಕೊಡು, ಒಳಗೆ ನೋಡ್ತೀನಿ.”

ಅವಳು ಪೆಟ್ಟಿಗೆ ತೆರೆದಾಗಿತ್ತು. ಬೋಲ್ಟು ಅವಳ ಏಪ್ರನ್ನಿನ ಜೇಬಿನಲ್ಲಿತ್ತು.

“ಅಯ್ಯೋ ದೇವರೇ,” ಎಂದ ಸ್ವೆಟೋಮಿರ್. ಸಂಘದಲ್ಲೇ ಹಿರಿಯ, ಎಂಬತ್ತು ದಾಟಿದವನು. “ಏನಯ್ಯಾ ಅಧ್ಯಕ್ಷ, ನಿನ್ನ ಕೋವಿಗೆ ಕತ್ತು ಉಳುಕಿದೆಯಾ?”

ಎಲ್ಲರೂ ನಕ್ಕರು. ರಾಡಿಸಾವನೂ ನಕ್ಕ, ಒಂದು ಗಳಿಗೆ ತಡವಾಗಿ.

“ಮೂರು ಸಲ ಎತ್ತಿ ತೋರಿಸ್ಬೇಕು,” ಎಂದಳು ರೂಮೆನಾ. “ಆಮೇಲೇ ಬೋಲ್ಟು.”

“ಮನೆಗೆ ಹೋಗಿ ಎತ್ತಿದರಾಯ್ತು.”

“ನಂದು, ನಿಂದು, ಇಲ್ಲಿರೋ ಅರ್ಧ ಜನದ್ದು ಕೋವಿನ ಅವಳಪ್ಪ ಮೂರು ಸಲ ಎತ್ತಿಸದೆ ಕೈಗೆ ಕೊಟ್ಟವನಲ್ಲ,” ಎಂದ ಸ್ವೆಟೋಮಿರ್. “ಎತ್ತಯ್ಯಾ, ನಾಚಿಕೆ ಏನು? ನೀನೇನು ಮದುವಣಗಿತ್ತಿಯಾ?”

ಬೇರೆ ದಾರಿಯಿರಲಿಲ್ಲ. ರಾಡಿಸಾವ್ ಕಣ್ಣು ಮುಚ್ಚಿ ಕೋವಿ ಎತ್ತಿದ. ಕಣ್ಣು ಬಿಟ್ಟ. ತಲೆ ಓರೆಯಾಗಲಿಲ್ಲ, ಗದ್ದ ದಾಟಲಿಲ್ಲ. ಬುಡ ಬಲಭುಜದಲ್ಲಿ ಕೂತಿತು, ನಳಿಗೆ ತಾನಾಗಿ ಎಡಗಣ್ಣಿನ ಮುಂದೆ ಬಂದು ನಿಂತಿತು. ಎಷ್ಟೋ ಕಾಲದ ಮೇಲೆ ಲೋಕ ನೆಟ್ಟಗೆ ಕಂಡವನಂತೆ ಅವನ ಮುಖದಲ್ಲಿ ಮಗುವಿನ ಸಂತೋಷವೊಂದು ಹಾದುಹೋಯಿತು.

“ಎಡಗಣ್ಣಲ್ಲಿ ಹೊಡೀತಾನೆ,” ಎಂದ ಯಾರೋ.

ಕೋವಿ ಇಳಿಸಿ ರಾಡಿಸಾವ್, “ವಯಸ್ಸಾಯ್ತಲ್ಲಪ್ಪಾ,” ಎಂದ. “ಈ ಬೇಸಿಗೆಯಿಂದ ಬಲಗಣ್ಣು ಸ್ವಲ್ಪ ಮಂಜು.”

ರೂಮೆನಾ ಪೆಟ್ಟಿಗೆಯ ತಳದಿಂದ ಹಳೆಯ ಹಿಡಿಯನ್ನು ತೆಗೆದು ಸ್ವೆಟೋಮಿರನ ಕೈಗೆ ಕೊಟ್ಟಳು. ಅವನು ಅದನ್ನು ತಿರುಗಿಸಿದ. ಹೊಳೆಯುವ ಪಕ್ಕ ನೋಡಿದ. ಆಚೆ ಪಕ್ಕದ ಬಿಳಿಚಿದ ಮಚ್ಚೆಯ ಮೇಲೆ ಹೆಬ್ಬೆರಳು ಆಡಿಸಿದ. ಅರವತ್ತು ವರ್ಷ ಕೋವಿ ಹಿಡಿದ ಕೈ ಅದು. ಹೆಬ್ಬೆರಳು ಅಲ್ಲೇ ನಿಂತಿತು.

“ಇದಕ್ಕೆ ಎಣ್ಣೆ ಹಾಕಿದ್ದು ನಾನು, ಗುಂಡು ಹಾರಿದ ವರ್ಷದ ಮಾರ್ಚಿನಲ್ಲಿ,” ಎಂದಳು ಅವಳು. “ಅಕ್ಟೋಬರಿನಿಂದ ಇದು ಪೊಲೀಸರ ಬೀರುವಿನಲ್ಲಿತ್ತು. ಬಂದು ಒಂಬತ್ತೇ ದಿನಕ್ಕೆ ನನ್ನ ಕೈಸೇರಿತು. ಒಂಬತ್ತು ದಿನದಲ್ಲಿ ಮರ ಇಷ್ಟು ಸವೆಯಲ್ಲ. ಇದು ಗುಂಡು ಹಾರೋ ಮುಂಚಿನ ಸವೆತ.”

ಹಿಡಿ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಹೆಬ್ಬೆರಳಿಟ್ಟು ನೋಡಿದರು. ಕಡಾಯಿಯ ಸಾರು ಉಕ್ಕಿ ಬೆಂಕಿಗೆ ಸುರಿಯಿತು, ಯಾರೂ ಸೌಟು ಹಾಕಲಿಲ್ಲ. ಕೊನೆಗೆ ಅದು ಬೇಲಿಯ ಬಳಿ ಬಂತು. ಬ್ಲಾಗೊಯೆ ಅದನ್ನು ಬಹಳ ಹೊತ್ತು ಹಿಡಿದುಕೊಂಡ.

“ರಾಡಿಸಾವ್,” ಎಂದ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನನ್ನು ಕೂಮ ಎನ್ನದೆ ಹೆಸರಿನಿಂದ ಕರೆದ. “ನಾನು ಅಲುಗಿದ್ದೆನಾ?”

ರಾಡಿಸಾವ್ ಸುತ್ತ ನೋಡಿದ. ಬಲಗಡೆ ನಿಂತವರನ್ನು ನೋಡಲು ಅವನು ತಲೆಯನ್ನು ಪೂರ್ತಿ ತಿರುಗಿಸಬೇಕಾಯಿತು, ಅದನ್ನು ಅವರೆಲ್ಲರೂ ಕಂಡರು. ಆಮೇಲೆ ಅವನು ಬೆಂಚಿನ ಮೇಲೆ ಕೂತುಬಿಟ್ಟ. ಸ್ವೆಟೋಮಿರ್ ಅವನ ಕತ್ತಿನಿಂದ ಅಧ್ಯಕ್ಷನ ಕೊಂಬಿನ ದಾರವನ್ನು ತಲೆಯ ಮೇಲಿಂದ ತೆಗೆದ, ಟೋಪಿ ಬೀಳದ ಹಾಗೆ, ಮೆಲ್ಲಗೆ.

ರೂಮೆನಾ ಬೋಲ್ಟನ್ನು ಬೆಂಚಿನ ಮೇಲೆ, ಅವನ ಬಲಕ್ಕೆ ಇಟ್ಟಳು. ಅವನಿಗೆ ಕಾಣದ ಕಡೆಗೆ.

ವಾಪಸು ಬರುವಾಗ ಕಾರು ಓಡಿಸಿದ್ದು ರೂಮೆನಾ. ಕಾಡಿನ ದಾರಿ ತಿರುಗುವಲ್ಲಿ, ಏಳನೆಯ ನಂಬರಿನ ಗೂಟದ ಹತ್ತಿರ, ಬ್ಲಾಗೊಯೆ “ನಿಲ್ಲಿಸು” ಎಂದ. ಶಿಕಾರಿ ಶುರುಮಾಡುವ ಕೊಂಬು ಇನ್ನೂ ಕೂಗಿರಲಿಲ್ಲ. ಅವನು ಇಳಿದು, ಕುಂಟುತ್ತ ದಿಬ್ಬ ಹತ್ತಿ, ಗೂಟದ ಪಕ್ಕದ ಕಾಡು ಪೇರು ಮರಕ್ಕೆ ಬೆನ್ನು ಕೊಟ್ಟು ನಿಂತ. ಎರಡೂ ಪಾದಗಳನ್ನು ಜೋಡಿಸಿ, ತಲೆ ಬಾಗಿಸಿ ತನ್ನ ಬೂಟುಗಳನ್ನು ನೋಡಿಕೊಂಡ. ಮರದಿಂದ ಎಲೆಯೊಂದು ಉದುರಿ ಅವನ ಭುಜದ ಮೇಲೆ ಬಿತ್ತು. ಅವನು ಕೊಡವಿಕೊಳ್ಳಲಿಲ್ಲ.

ರೂಮೆನಾ ಎಂಜಿನ್ ಆರಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾದಳು.