ಪಾಪಣ್ಣ ಒಪ್ಪಿದರು

ಪಾಪಣ್ಣ ತೀರಿಕೊಂಡು ಇಪ್ಪತ್ತೆರಡು ದಿನವಾಗಿತ್ತು. ಆದರೂ ನಿನ್ನೆ ಸಂಜೆ ಐದಕ್ಕೆ ಅವರು ಒಪ್ಪಿಗೆ ಕೊಟ್ಟಿದ್ದರು. ಮೊನ್ನೆಯೂ ಕೊಟ್ಟಿದ್ದರು.

ಮತ್ತಿಗಿರಿಯ ಆಫೀಸಿನಲ್ಲಿ ಮಾಲಾ ವರದಿಯ ಆ ಸಾಲುಗಳನ್ನು ಮತ್ತೆ ಮತ್ತೆ ಓದಿದಳು. ಬೇರಿಕೆ ಪಕ್ಕದ ಗುಲಾಬಿ ತೋಟದ, ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸನ್ನು ನೋಡಿಕೊಳ್ಳುತ್ತಿದ್ದದ್ದು ಒಂದು ಎಐ ಏಜೆಂಟ್. ನೀರು ಬಿಡಲು ಒಂದು ಟೂಲ್, ಪರದೆ ಎಳೆಯಲು ಒಂದು, ಮೇಲಿನ ಪೈಪುಗಳಿಂದ ಮಂಜಿನಂತೆ ಹುಳದ ಮದ್ದು ಬಿಡಲು ಇನ್ನೊಂದು. ಏಜೆಂಟಿಗೆ ಕಣ್ಣಿಲ್ಲ. ಪ್ರತಿ ಟೂಲಿಗೂ ಬರೆದಿಟ್ಟ ವಿವರಣೆ ಏನು ಹೇಳುತ್ತದೋ ಅಷ್ಟೇ ಅದಕ್ಕೆ ಗೊತ್ತು. ಬರೆದವಳು ಮಾಲಾ. ಮದ್ದಿನ ಟೂಲಿಗೆ ಬರೆದದ್ದು ಒಂದೇ ಸಾಲು: ‘ಬಿಡುವ ಮುನ್ನ ಪಾಪಣ್ಣನಿಗೆ ಫೋನ್ ಮಾಡಿ ಒಪ್ಪಿಗೆ ಪಡೆ.’ ಪಾಪಣ್ಣ ಅಲ್ಲಿನ ಮೇಸ್ತ್ರಿ. ಅವರಿಗೆಲ್ಲ ಗೊತ್ತಿರುತ್ತದೆ ಎಂದುಕೊಂಡು ಅಲ್ಲಿಗೇ ನಿಲ್ಲಿಸಿದ್ದಳು.

ತೋಟದ ಉಸ್ತುವಾರಿ ನೋಡುವ ಮುನೀಶನಿಗೆ ಫೋನ್ ಮಾಡಿದಳು. “ಪಾಪಣ್ಣನ ಬದಲಿಗೆ ಯಾರು ಒಪ್ಪಿಗೆ ಕೊಡ್ತಿರೋದು?”

“ಯಾರೂ ಇಲ್ಲ ಮೇಡಮ್. ಹೊತ್ತಿಗೆ ಸರಿಯಾಗಿ ಮದ್ದು ಬೀಳ್ತೈತೆ. ಪಾಪಣ್ಣನೇ ಇನ್ನೂ ಮೇಸ್ತ್ರಿ ಅಂತವ್ರೆ ಹೆಂಗಸ್ರು. ಸಂಬಳ ಕೇಳ್ದೇ ಇರೋ ಮೇಸ್ತ್ರಿ ಇನ್ನೆಲ್ಲಿ ಸಿಕ್ತಾನೆ ಅಂತ ನಾನೂ ಸುಮ್ನಾದೆ.” ನಕ್ಕ. ನಗು ಅರ್ಧಕ್ಕೇ ನಿಂತಿತು.

ಮಾಲಾ ಸ್ಕೂಟರ್ ತೆಗೆದು ಬೇರಿಕೆಗೆ, ಪಾಪಣ್ಣನ ಮನೆಗೆ ಹೊರಟಳು.

ಪಾಪಣ್ಣನ ಹೆಂಡತಿ ರಾಮಕ್ಕ ಗೋಡೆಯ ಫೋಟೋ ಕೆಳಗೆ ಅವರ ಫೋನನ್ನು ಚಾರ್ಜಿಗೆ ಹಾಕಿಟ್ಟಿದ್ದಳು.

“ದಿನಾ ಹೆಸರಿಡ್ದು ಕರೀತೈತೆ ಕಣವ್ವ. ‘ಪಾಪಣ್ಣ, ಮದ್ದು ಬಿಡಲೇ?’ ಅಂತೈತೆ. ಎತ್ತದಿದ್ರೆ ತಿರ್ಗಾ ಕರೀತೈತೆ. ಊರೋರೆಲ್ಲ ಅವ್ರನ್ನ ಕರೆಯೋದು ಬಿಟ್ಟವ್ರೆ, ಇದೊಂದೇ ಬಿಡ್ದಿರೋದು. ಅವ್ರು ಹೌದು ಅನ್ನೋಕೆ ಒಂದು ಒತ್ತೋರು. ನಾನೂ ಒತ್ತೀನಿ.”

“ಒತ್ತೋಕ್ಕೆ ಮುಂಚೆ ಅವರು ಏನು ಮಾಡ್ತಿದ್ರು ರಾಮಕ್ಕ?”

“ಚಪ್ಲಿ ನೋಡೋರು. ತೋಟದ ಒಳಗೆ ಹೋಗೋರೆಲ್ಲ ಬಾಗ್ಲಲ್ಲೇ ಬಿಟ್ಟು ಹೋಗ್ತಾರಲ್ಲ. ಒಂದ್ ಜೊತೆ ಉಳಿದ್ರೂ ಒತ್ತಾ ಇರ್ಲಿಲ್ವಂತೆ. ಇಲ್ಲಿ ಯಾವ್ ಚಪ್ಲಿ ಐತೆ? ನಂದೊಂದೇ.”

ಇಪ್ಪತ್ತೆರಡು ಸಂಜೆ ಒಳಗೆ ಜನರಿದ್ದಾರೆಯೇ ಎಂದು ಯಾರೂ ನೋಡದೆ ಮದ್ದು ಬಿದ್ದಿತ್ತು.

ಆಗಲೇ ಫೋನ್ ಹೊಡೆದುಕೊಂಡಿತು; ರಾಮಕ್ಕ ಎತ್ತಿದಳು. “ಪಾಪಣ್ಣ, ಮದ್ದು ಬಿಡಲೇ? ಹೌದಾದರೆ ಒಂದು, ಬೇಡವಾದರೆ ಎರಡು ಒತ್ತಿ.” ರಾಮಕ್ಕನ ಬೆರಳು ರೂಢಿಯಂತೆ ಮುಂದೆ ಹೋಯಿತು. ಮಾಲಾ ಆ ಕೈ ಹಿಡಿದು ತಾನೇ ಎರಡು ಒತ್ತಿದಳು. ತನ್ನ ಫೋನಿನಿಂದ ಮುನೀಶನನ್ನು ಹಿಡಿದಳು.

“ಬಾಗಿಲಲ್ಲಿ ಚಪ್ಪಲಿ ಇದೆಯಾ ನೋಡಿ.”

“ಎಲ್ರೂ ಮನೆಗೋದ್ರು ಮೇಡಮ್.”

“ಹೋಗಿ ನೋಡಿ ಮುನೀಶ್.”

ಸ್ವಲ್ಪ ಹೊತ್ತು ಉಸಿರಿನ ಸದ್ದು. “ಎರಡು ಜೊತೆ ಅವೆ. ಒಂದು ಪಾಪಣ್ಣಂದು. ಒಳಗಿಂದ್ಲೇ ಅವ್ರನ್ನ ಆಸ್ಪತ್ರೆಗೆ ಎತ್ಕೊಂಡೋದ್ವಲ್ಲ, ಅವತ್ತಿಂದ ಯಾರೂ ಮುಟ್ಟಿಲ್ಲ. ಇನ್ನೊಂದು…” ಮಾತು ಅಲ್ಲೇ ತುಂಡಾಗಿ, ಅವನು ಒಳಗೆ ಓಡುತ್ತ ಕೂಗಿದ್ದು ಕೇಳಿಸಿತು. “ನಾಗವೇಣೀ, ಏ ನಾಗವೇಣೀ.”

ಕೊನೆಯ ಸಾಲಿನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಮೊಗ್ಗಿಗೆ ಬಲೆ ತೊಡಿಸುತ್ತಿದ್ದ ಕೂಲಿಯ ನಾಗವೇಣಿ ಬೈಗುಳ ತಿಂದು ಹೊರಗೆ ಬಂದಳು. ಇಲ್ಲಿ ರಾಮಕ್ಕ ತನ್ನ ಬೆರಳನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು.

ಮಾಲಾ ಆ ಮನೆಯ ಜಗಲಿಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ಹಳೆಯ ಸಾಲು ಅಳಿಸಿದಳು. ಬರೆದದ್ದನ್ನು ರಾಮಕ್ಕನಿಗೆ ಓದಿ ಹೇಳಿದಳು: ‘ಈ ಟೂಲ್ ವಿಷ ಬಿಡುತ್ತದೆ. ಒಳಗೆ ಮನುಷ್ಯರಿದ್ದರೆ ಜೀವಕ್ಕೆ ಅಪಾಯ. ಬಾಗಿಲಲ್ಲಿ ನಿಂತ ಮೇಸ್ತ್ರಿಯನ್ನು ಕೇಳು: ಚಪ್ಪಲಿ ಉಳಿದಿವೆಯೇ? ಒಂದೂ ಇಲ್ಲ ಎಂದರೆ ಮಾತ್ರ ಬಿಡು. ಒಂದು ಜೊತೆ ಇದ್ದರೂ ಬಿಡಬೇಡ. ಉತ್ತರ ಬರದಿದ್ದರೂ ಬಿಡಬೇಡ.’

“ಅವ್ರ ಹೆಸರು ಎಲ್ಲೋಯ್ತು?”

“ತೆಗೆದೆ ರಾಮಕ್ಕ. ಅವರು ಮಾಡ್ತಿದ್ದ ಕೆಲಸ ಬರೆದಿದ್ದೀನಿ.”

ರಾಮಕ್ಕ ಫೋನಿನ ಚಾರ್ಜರ್ ಕಿತ್ತಿಟ್ಟಳು.

ಮರುದಿನ ಸಂಜೆ ಮೇಸ್ತ್ರಿಯ ಜಾಗದಲ್ಲಿ ಮುನೀಶನೇ ಬಾಗಿಲಲ್ಲಿ ನಿಂತ. ಏಜೆಂಟಿನ ವರದಿ ಬಂತು: ‘ಒಂದು ಜೊತೆ ಇದೆ. ಬಿಟ್ಟಿಲ್ಲ.’ ಹಿಂದೆಯೇ ಮುನೀಶನ ಫೋನು.

“ಪಾಪಣ್ಣಂದೇ ಮೇಡಮ್. ಒಳಗ್ಯಾರೂ ಇಲ್ಲ. ಚಪ್ಲಿ ಇಲ್ಲ ಅಂದ್ಬುಡ್ಲಾ?”

“ಇದೆಯಲ್ಲ. ಕೊನೇ ಸಾಲಿನವರೆಗೂ ಹೋಗಿ ನೋಡ್ಕೊಂಡು ಬನ್ನಿ. ಆಮೇಲೆ ಅದನ್ನ ರಾಮಕ್ಕನ ಮನೆಗೆ ತಲುಪಿಸಿ.”

ಅವನು ಫೋನ್ ಕಟ್ ಮಾಡಲಿಲ್ಲ. ಹೆಜ್ಜೆಗಳು ಒಳಗೆ ದೂರ ದೂರ ಹೋದದ್ದು ಮಾಲಾಳಿಗೆ ಕೇಳಿಸಿತು. ಕೊನೆಯಲ್ಲಿ ನಿಂತವು.

“ಬಾ ಪಾಪಣ್ಣ,” ಎಂದ ಮುನೀಶ್ ಮೆಲ್ಲಗೆ. “ಹೊತ್ತಾಯ್ತು.”

ಆಮೇಲೆ ಹೆಜ್ಜೆಗಳು ಬಾಗಿಲ ಕಡೆಗೆ ಬಂದವು.