ಅಧ್ಯಕ್ಷರು ಕೂಗಿದ ಏಲಂ

ಗಿರಿಧರನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ, ಬುದ್ಧಿ ಬರುವುದು ಮರುದಿನ ಬೆಳಿಗ್ಗೆ. ಇದು ಅವನಿಗೂ ಗೊತ್ತು. ಗೊತ್ತಿದ್ದು ಈವರೆಗೆ ಮೂರು ಕಾಸಿನ ಪ್ರಯೋಜನವಾಗಿಲ್ಲ. ಅಂಥವನನ್ನು ಹಿಡಿದು ಊರಿನವರು ಸರಕಾರಿ ಶಾಲೆಯ ಹಳೆ ವಿದ್ಯಾರ್ಥಿ ಸಂಘಕ್ಕೆ ಅಧ್ಯಕ್ಷನನ್ನಾಗಿ ಮಾಡಿದ್ದರು. ಗಂಟಲು ದೊಡ್ಡದು, ಮೈಕಿನ ಬಾಡಿಗೆ ಉಳಿಯುತ್ತದೆ ಎಂಬುದು ಅವರ ಲೆಕ್ಕಾಚಾರ.

ಶಾಲೆ ಇರುವುದು ಕಾಣಿಯೂರಿನಿಂದ ಒಳಗೆ, ಜೀಪು ಹೋಗುವ ದಾರಿಯಲ್ಲಿ. ಹಂಚು ಬದಲಿಸಲು ಅನುದಾನ ಬರುತ್ತದೆ ಬರುತ್ತದೆ ಎಂದು ಕಾದದ್ದೇ ಬಂತು. ಕೊನೆಗೆ ಮೇ ತಿಂಗಳ ಒಂದು ಭಾನುವಾರ ಹಳೆ ವಿದ್ಯಾರ್ಥಿಗಳು ಸೇರಿ, ಶಾಲೆಯ ಅಂಗಳದ ಮರದ್ದೇ ಒಂದು ಹಲಸಿನ ಹಣ್ಣನ್ನು ಏಲಂ ಹಾಕುವುದೆಂದು ತೀರ್ಮಾನಿಸಿದರು. ಇಂಥ ಏಲಂನಲ್ಲಿ ಹಣ್ಣಿಗೆ ಬೆಲೆ ಬರುವುದಿಲ್ಲ, ಕೂಗಿದವನ ಮರ್ಯಾದೆಗೆ ಬರುತ್ತದೆ.

ಏಲಂಗೆ ಮೊದಲು ಗಿರಿಧರ ಪ್ರತಿ ವರ್ಷದ ಭಾಷಣ ಮಾಡಿದ. "ಇಲ್ಲಿ ತುಳು, ಬ್ಯಾರಿ, ಮಲಯಾಳ, ಹಿಂದಿ, ಎಲ್ಲ ಒಂದೇ ಬೆಂಚಿನಲ್ಲಿ. ನಮ್ಮ ಶಾಲೆ ಅಂದರೆ ಭಾರತ. ಕಲಿಯುವುದರಲ್ಲಿಯೂ ನಮ್ಮ ಮಕ್ಕಳು ಯಾರಿಗೂ ಕಡಿಮೆ ಇಲ್ಲ."

ಎದುರಿನ ಸಾಲಿನಲ್ಲಿ ಅದ್ರಾಮ ಕೂತಿದ್ದ. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟವ, ಗಿರಿಧರನ ಹಳೆ ಸಹಪಾಠಿ. "ಅಧ್ಯಕ್ಷರೆ, ನಿಮ್ಮ ಮಗಳು ಯಾವ ಭಾರತದಲ್ಲಿ ಕಲಿಯುದು?" ಎಂದು ಕೇಳಿದ.

ಜನ ನಕ್ಕರು. ಗಿರಿಧರನ ಮಗಳು ತನ್ಮಯೀ ದಿನಾ ವ್ಯಾನು ಹತ್ತಿ ಪುತ್ತೂರಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುವುದು ಎಲ್ಲರಿಗೂ ಗೊತ್ತಿತ್ತು.

"ನಿನ್ನ ಮಗಳು ಸುಹಾನಾ ದುಬೈಗೆ ಹೋಗುದಾ? ಅದೇ ವ್ಯಾನಲ್ಲಿ ಅಲ್ವಾ ಮಾರಾಯ," ಎಂದ ಗಿರಿಧರ. ಕಿವಿ ಆಗಲೇ ಬೆಚ್ಚಗಾಗಿತ್ತು.

ಆಮೇಲೆ ಮನೋರಮಾ ಟೀಚರ್ ಎದ್ದರು. ರಬ್ಬರ್ ತೋಟದ ಕೆಲಸಕ್ಕೆ ಜಾರ್ಖಂಡಿನಿಂದ ಬಂದವರ ಮಕ್ಕಳು ಇವತ್ತು ಕನ್ನಡ ಓದುತ್ತಿದ್ದರೆ ಅದು ಅವರಿಂದ. "ಹಂಚು ಹಾಕ್ತೀರಿ, ಸಂತೋಷ. ಕೆಳಗೆ ಕೂರ್ಲಿಕ್ಕೆ ಮಕ್ಕಳೂ ಬೇಕಲ್ವಾ? ಈ ವರ್ಷ ಇಬ್ಬರು ಕಡಿಮೆ ಉಂಟು. ಹಾಗೇ ಇದ್ದರೆ ನನ್ನನ್ನು ಹೆಚ್ಚುವರಿ ಅಂತ ಬೇರೆ ಶಾಲೆಗೆ ಹಾಕ್ತಾರೆ," ಎಂದು ಹೇಳಿ ಕೂತರು.

ಏಲಂ ಕೂಗಲು ನಿಂತವ ಜೀಪಿನ ನೌಷಾದ್. ನೂರರಿಂದ ಶುರುವಾದ ಹಲಸು ಬೇಗನೆ ಸಾವಿರಕ್ಕೇರಿ, ಉಳಿದವರೆಲ್ಲ ಬಿಟ್ಟು ಗಿರಿಧರ ಮತ್ತು ಅದ್ರಾಮ ಮಾತ್ರ ಉಳಿದರು. ಗಿರಿಧರ ಐದು ಸಾವಿರ ಅಂದ. ಅದ್ರಾಮ ಟೊಪ್ಪಿ ಸರಿಮಾಡಿಕೊಂಡು ಎದ್ದ.

"ಹಣದ್ದು ಸಾಕು. ನನ್ನ ಕೂಗು ಸುಹಾನಾ. ಜೂನಿನಿಂದ ಇಲ್ಲಿಗೇ ಬರ್ತಾಳೆ."

ನೌಷಾದನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಬಾಯಿ ಮಾತ್ರ ಅಭ್ಯಾಸದಂತೆ ಓಡಿತು. "ಸುಹಾನಾ ಒಂದು ಸರ್ತಿ. ಸುಹಾನಾ ಎರಡು ಸರ್ತಿ."

"ತನ್ಮಯೀ," ಎಂದು ಗಿರಿಧರ ಗುಡುಗಿದ.

ಹೇಳಿದ್ದು ತಾನೇ ಎಂದು ಅವನಿಗೆ ತಿಳಿದದ್ದು ಚಪ್ಪಾಳೆ ಬಿದ್ದ ಮೇಲೆ. ಮಗಳಿಗೆ ಮಗಳು ಸಮ ಎಂದು ನೌಷಾದ್ ಹಲಸನ್ನು ನಡುವೆ ಕಡಿದು ಇಬ್ಬರಿಗೂ ಅರ್ಧರ್ಧ ಹೊರಿಸಿ ಕಳಿಸಿದ.

ಗಿರಿಧರನಿಗಿಂತ ಮೊದಲೇ ಏಲಂನ ವಿಡಿಯೋ ಮನೆ ತಲುಪಿತ್ತು. ಹೆಂಡತಿ ಶಾಂಭವಿ ಮೊಬೈಲು ಕೆಳಗಿಟ್ಟು ಹಣ್ಣನ್ನು ಬೆರಳಿನಿಂದ ಒತ್ತಿ ನೋಡಿದಳು. ತುಳುವ; ಲೊಳಲೊಳ ಎನ್ನುವ ಜಾತಿ, ಬಕ್ಕೆಯ ಹಾಗೆ ಗಟ್ಟಿ ಸೊಳೆಯದ್ದಲ್ಲ.

"ಮಗಳನ್ನು ಕೊಟ್ಟು ತಂದದ್ದು ಅರ್ಧ ಹಲಸು. ಅದೂ ತುಳುವ. ಬಕ್ಕೆಯಾದರೂ ಆಗ್ತಿತ್ತು."

"ಸಿಟ್ಟಿನಲ್ಲಿ ಬಂತು."

"ನಾಳೆ ಅವಳ ಮದುವೆ ಮಾತುಕತೆಗೆ ನೀವು ಹೋಗುದು ಬೇಡ."

ತನ್ಮಯೀ ಮಾತ್ರ ಸೊಳೆ ಬಿಡಿಸುತ್ತಾ, "ಸುಹಾನಾ ಬರುದಾದರೆ ನಾನೂ ಹೋಗ್ತೇನೆ," ಅಂದಳು.

ಮರುದಿನ ಬೆಳಿಗ್ಗೆ ಎಂದಿನಂತೆ ಬುದ್ಧಿ ಬಂತು, ಜೊತೆಗೆ ಹೆದರಿಕೆಯೂ. ಆ ಶಾಲೆಯಲ್ಲಿ ಕಲಿತರೆ ಮಗಳು ಏನಾಗುತ್ತಾಳೆ ಎಂಬುದಕ್ಕೆ ಅವನ ಎದುರು ಒಂದೇ ಒಂದು ಉದಾಹರಣೆ ಇತ್ತು, ಅದು ಕನ್ನಡಿಯಲ್ಲಿ ಗಡ್ಡ ಹೆರೆಯುತ್ತಿತ್ತು. ಮಾತು ಹಿಂದೆ ತೆಗೆಯೋಣ, ಇಬ್ಬರೂ ಒಟ್ಟಿಗೆ ತೆಗೆದರೆ ಯಾರಿಗೂ ಅವಮಾನವಿಲ್ಲ ಎಂದು ಲೆಕ್ಕ ಹಾಕಿ ಅದ್ರಾಮನ ಅಂಗಡಿಗೆ ಹೋದ.

ಹೆಂಡತಿಯ ಸಿಟ್ಟಿಗೆ ಅದ್ರಾಮನ ಮುಖ ಬಾಡಿತ್ತು. "ಸಫಿಯಮ್ಮ ನಿನ್ನೆಯಿಂದ ಮಾತಾಡಿಲ್ಲ ಮಾರಾಯ. ಸುಮ್ಮನೆ ನಿನ್ನನ್ನು ಕೆಣಕ್ಲಿಕ್ಕೆ ಹೇಳಿದ್ದು. ನೀನು ಹಣಕ್ಕೇ ನಿಲ್ತಿ ಅಂತ ಎಣಿಸಿದೆ."

"ಹಾಗಾದರೆ ಹೇಗೆ?"

"ಎಂತ ಹೇಗೆ? ನೀನು ಮೊದಲು ಬಿಡು. ಅಧ್ಯಕ್ಷರಿಗೇ ಧೈರ್ಯ ಇಲ್ಲ ಅಂತಾದರೆ ನನ್ನದೆಂತ ಉಂಟು, ನಾನೂ ಬಿಡ್ತೇನೆ."

ಗಿರಿಧರ ಬಂದದ್ದು ಬಿಡಲಿಕ್ಕೇ. ಹೂಂ ಎಂದು ತಲೆಯಾಡಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಧೈರ್ಯ ಎಂಬ ಮಾತು ಕೇಳಿದ ಕಿವಿ ತಲೆಯನ್ನು ಕೇಳಲಿಲ್ಲ.

"ಯಾರಿಗೆ ಧೈರ್ಯ ಇಲ್ಲದ್ದು? ಶಾಲೆ ಬಾಗಿಲು ತೆರೆದ ದಿನವೇ ತನ್ಮಯೀ ಅಲ್ಲಿರ್ತಾಳೆ. ನೀನು ಬೇಕಾದರೆ ಓಡು."

ಸಂಜೆಯೊಳಗೆ ಅದೂ ಊರಿಗೆಲ್ಲ ಗೊತ್ತಾಯಿತು. ಅಂಗಡಿಯಲ್ಲಿ ಅವಲಕ್ಕಿ ಕಟ್ಟಿಸುತ್ತಿದ್ದವರೇ ನಾಲ್ಕು ಮಂದಿ.

ಜೂನಿನಲ್ಲಿ ಇಬ್ಬರು ಅಪ್ಪಂದಿರೂ ಮುಖ ಗಂಟಿಕ್ಕಿಕೊಂಡು ಮಕ್ಕಳನ್ನು ಸೇರಿಸಿದರು. ಮನೋರಮಾ ಟೀಚರ್ ಉಳಿದರು. ಹುಡುಗಿಯರು ಕೈ ಹಿಡಿದು ಒಳಗೆ ಹೋದವರು ತಿರುಗಿಯೂ ನೋಡಲಿಲ್ಲ.

ಸಂಜೆ ತನ್ಮಯೀ ಚೀಲ ಎಸೆದು ನೇರ ಬಚ್ಚಲಿಗೆ ಓಡಿದಳು. ಹೊರಗೆ ಬಂದು, "ಅಲ್ಲಿ ಹುಡುಗಿಯರ ಶೌಚಾಲಯಕ್ಕೆ ಚಿಲಕ ಇಲ್ಲ ಅಪ್ಪ. ಒಬ್ಬಳು ಹೊರಗೆ ಬಾಗಿಲು ಹಿಡ್ಕೊಳ್ಳಬೇಕು. ಯಾವಾಗಲೂ ಹಾಗೆಯಂತೆ," ಅಂದಳು.

ಅನುದಾನ ಎಂಬ ಶಬ್ದ ಗಿರಿಧರನ ನಾಲಿಗೆಯ ತುದಿಗೆ ಬಂತು. ಶಾಂಭವಿ ಅವನ ಮುಖವನ್ನೇ ನೋಡುತ್ತಿದ್ದಳು. ಅಧ್ಯಕ್ಷನಾಗಿ ಇಷ್ಟು ವರ್ಷ ಭಾರತವನ್ನೇ ಹೊಗಳಿದವನು ಆ ಬಾಗಿಲಿನ ತನಕ ಒಮ್ಮೆಯೂ ಹೋಗಿರಲಿಲ್ಲ. ಶಬ್ದವನ್ನು ನುಂಗಿ, ಅಂಗಿ ಹಾಕಿಕೊಂಡು, ಬೈಕ್ ತೆಗೆದು ಕಾಣಿಯೂರಿನ ಹಾರ್ಡ್‌ವೇರ್ ಅಂಗಡಿಗೆ ಹೋದ.

ಅಲ್ಲಿ ಅದ್ರಾಮ ಒಂದೊಂದೇ ಚಿಲಕವನ್ನು ಎಳೆದು ನೂಕಿ ಪರೀಕ್ಷೆ ಮಾಡುತ್ತಿದ್ದ. ಗಿರಿಧರನನ್ನು ಕಂಡು ತಲೆ ತಗ್ಗಿಸಿದ.

"ಸಫಿಯಮ್ಮ ಕಳಿಸಿದ್ದು," ಅಂದ. "ಸ್ಕ್ರೂಡ್ರೈವರ್ ಉಂಟಾ ನಿನ್ನಲ್ಲಿ?"