ಮಾಸ್ಕೋ ಥ್ವಾನ್ ಮತ್ತು ಹಿಮದ ಮುನ್ಸೂಚನೆ

ಒಣಗಿದ ಡಾಂಬರು ರಸ್ತೆಯ ಮೇಲೂ ಮಾಸ್ಕೋ ಥ್ವಾನ್ ಮಂಜುಗಡ್ಡೆಯ ಮೇಲೆ ನಡೆಯುವವರಂತೆ ಪಾದವನ್ನು ಚಪ್ಪಟೆಯಾಗಿ ಊರಿ, ಗಿಡ್ಡ ಗಿಡ್ಡ ಹೆಜ್ಜೆ ಇಡುತ್ತಿದ್ದರು. ಯೌವನದಲ್ಲಿ ರಷ್ಯಾದ ಬಟ್ಟೆ ಗಿರಣಿಯೊಂದರಲ್ಲಿ ದುಡಿದು ಬಂದವರು; ಮಾಸ್ಕೋವನ್ನು ಕಂಡದ್ದು ರೈಲು ಬದಲಿಸಿದ ಒಂದು ಮಧ್ಯಾಹ್ನ ಮಾತ್ರ. ಆದರೂ ಉತ್ತರ ವಿಯೆಟ್ನಾಮಿನ ಗುಡ್ಡಗಳ ತಪ್ಪಲಿನ ನಮ್ಮ ಪೇಟೆಗೆ ಆ ಹೆಸರೇ ರುಚಿಸಿತು. ಫೋ ಎಂಬ ಶಾವಿಗೆ ಸಾರಿನ ಅಂಗಡಿಯಲ್ಲಿ ಯಾರು ಏನೇ ಹೇಳಲಿ, ಬಟ್ಟಲಿನಿಂದ ತಲೆಯೆತ್ತದೆ, "ಅಲ್ಲಿ ಹಾಗಲ್ಲ" ಎನ್ನುತ್ತಿದ್ದರು. ಮತ್ತೆ ಹೇಗೆಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲವಾದ್ದರಿಂದ ಆ ಮಾತಿನ ಪ್ರತಿಷ್ಠೆ ಮೂವತ್ತು ವರ್ಷ ಅಬಾಧಿತವಾಗಿ ಉಳಿಯಿತು.

ಹೊಸವರ್ಷದ ಟೆಟ್ ಹಬ್ಬ ಹತ್ತಿರವಾಗಿದ್ದ ಒಂದು ಬೆಳಗ್ಗೆ ಬೀದಿಯ ಧ್ವನಿವರ್ಧಕ, ಗುಡ್ಡಗಳಲ್ಲಿ ಹಿಮ ಬೀಳುವುದೆಂದೂ ಪೇಟೆಯಲ್ಲೂ ಬಿದ್ದೀತೆಂದೂ ಸಾರಿತು. ಹಿಮವನ್ನು ಟಿವಿಯಲ್ಲಲ್ಲದೆ ಕಾಣದ ಊರು ತಬ್ಬಿಬ್ಬಾಯಿತು. ಒಬ್ಬರು ಒಣಹಾಕಿದ ಬಟ್ಟೆ ಒಳಗೆ ತಂದರು, ಇನ್ನೊಬ್ಬರು ತಗಡಿನ ಚಾವಣಿಗೆ ಬಿದಿರಿನ ಆಧಾರ ಕೊಟ್ಟರು. ಛತ್ರಿ ಬೇಕೋ ಟೋಪಿ ಸಾಕೋ ಎಂಬ ವಾದ ಕ್ಷೌರದಂಗಡಿಯಲ್ಲಿ ಕೈಕೈ ಮಿಲಾಯಿಸುವವರೆಗೆ ಹೋಯಿತು. ಕೊನೆಗೆ ಎಲ್ಲರೂ ಥ್ವಾನ್ ಅವರ ಮನೆಯ ಮುಂದೆ ನೆರೆದರು.

"ಹೇಳಿ ದೊಡ್ಡಪ್ಪ, ಈಗ್ಲಾದ್ರೂ ನಿಮ್ ಮಾಸ್ಕೋ ಉಪಯೋಗಕ್ಕೆ ಬರ್ಲಿ!" ಎಂದ ಕ್ಷೌರದ ಕ್ವೀ.

ಥ್ವಾನ್ ಉತ್ಸಾಹದಿಂದಲೇ ಆರಂಭಿಸಿದರು. "ಎರಡು ಜೊತೆ ಕಾಲುಚೀಲ ಹಾಕ್ಕೊಳ್ಳಿ. ಟ್ರಾಮಿಗೆ ಕಾಯುವಾಗ ನಿಂತಲ್ಲೇ ಕುಣೀತಿರ್ಬೇಕು."

"ಟ್ರಾಮ್ ಎಲ್ಲಿಂದ ತರೋಣ?" ಎಂದಿತು ಗುಂಪು.

ಆಗ ಶುಯೆನ್ ಮುಂದೆ ಬಂದಳು. ಗಂಡನಿಲ್ಲದ ಅವಳ ಬದುಕಿಗೆ ಆಸರೆಯಾಗಿದ್ದ ಒಂದೇ ಎಮ್ಮೆ, ತುಂಬುಗಬ್ಬದ್ದು, ಗುಡ್ಡದ ಮೇಲೆ ಮೇಯುತ್ತಿತ್ತು.

"ದೊಡ್ಡಪ್ಪ, ಹಿಮ ಬಿದ್ರೆ ಎಮ್ಮೆ ಬದುಕತ್ತಾ? ಅಲ್ಲೆಲ್ಲ ಏನ್ ಮಾಡ್ತಾರೆ?"

ಥ್ವಾನ್ ಬಾಯಿ ತೆರೆದರು. ಗಿರಣಿಯ ಮಬ್ಬು ಕಿಟಕಿ, ರೊಟ್ಟಿಯಂಗಡಿಯ ಮುಂದಿನ ಸಾಲು, ಬಿಸಿನೀರಿನ ಕೊಳವೆಗೆ ಬೆನ್ನು ಹಚ್ಚಿ ಕಳೆದ ಭಾನುವಾರಗಳು. ನೆನಪಿನಲ್ಲಿ ಎಲ್ಲಿ ತಡಕಿದರೂ ಒಂದು ಎಮ್ಮೆ ಸಿಗಲಿಲ್ಲ.

"ಅಲ್ಲಿ ಎಮ್ಮೇನೇ ಇರ್ಲಿಲ್ಲ ಕಣಮ್ಮ. ನಂಗೆ ಗೊತ್ತಿಲ್ಲ."

ಜನ ಗೊಳ್ಳೆಂದು ನಕ್ಕರು. "ಮೂವತ್ತು ವರ್ಷದ ಮಾಸ್ಕೋ ಒಂದು ಎಮ್ಮೆಗೆ ಮುಗೀತಲ್ಲಪ್ಪಾ!" ಎಂದ ಕ್ವೀ.

ಶುಯೆನ್ ನಗಲಿಲ್ಲ, ಗುಡ್ಡದ ದಾರಿ ಹಿಡಿದಳು. ಯಾಕೆಂದು ತಮಗೇ ತಿಳಿಯದೆ ಥ್ವಾನ್ ಅವಳ ಹಿಂದೆ ಹೊರಟರು. ಕೆಮ್ಮಣ್ಣಿನಲ್ಲಿ ಮೊದಲು ಜಾರಿ ಬಿದ್ದವರೂ ಅವರೇ. ಹಗ್ಗ ಎಳೆದು, ಬೈದು, ಬೇಡಿ, ಸಂಜೆಯೊಳಗೆ ಇಬ್ಬರೂ ಎಮ್ಮೆಯನ್ನು ಇಳಿಸಿ ತಂದು, ಕಂಬಗಳ ಮೇಲೆ ನಿಂತ ಅವಳ ಮನೆಯಡಿಯಲ್ಲಿ ಕಟ್ಟಿ, ಹುಲ್ಲು ಹಾಸಿ, ಪಕ್ಕದಲ್ಲಿ ಬೆಂಕಿ ಹೊತ್ತಿಸಿದರು.

ಮರುದಿನ ಪೇಟೆಯಲ್ಲಿ ಬಿದ್ದದ್ದು ಬರೀ ಸೋನೆಮಳೆ. ಹಿಮ ಗುಡ್ಡದ ನೆತ್ತಿಯಲ್ಲಿ ಬೆಳ್ಳಗೆ ಕುಳಿತಿತ್ತು; ಅಲ್ಲಿ ಬಿಟ್ಟಿದ್ದ ಎಮ್ಮೆಗಳಲ್ಲಿ ಹಲವು ಮರಗಟ್ಟಿ ಸತ್ತಿದ್ದವು. ಒಂದೇ ದಾರಿಯಲ್ಲಿ ಕೆಲವರು ಫೋಟೋ ತೆಗೆಯಲು, ಕೆಲವರು ಸತ್ತ ಎಮ್ಮೆ ಹುಡುಕಲು ಬೈಕೇರಿ ಹೋದರು. ನಗಬೇಕೋ ಅಳಬೇಕೋ ಊರಿಗೆ ತಿಳಿಯಲಿಲ್ಲ.

"ನೀವು ಹಿಮ ನೋಡೋಕೆ ಹೋಗಲ್ವಾ ದೊಡ್ಡಪ್ಪ?" ಎಂದಳು ಶುಯೆನ್.

"ಹೋಗ್ಬೇಕು ಅನ್ಸತ್ತೆ, ಬೇಡ ಅಂತಾನೂ ಅನ್ಸತ್ತೆ. ಇಷ್ಟು ವರ್ಷ ಅದಕ್ಕೆ ಹಂಬಲಿಸ್ತಿದ್ನೋ ಹೆದರ್ತಿದ್ನೋ, ಗೊತ್ತಾಗ್ತಿಲ್ಲ ಕಣೇ," ಎನ್ನುತ್ತ ಅವರು ಎಮ್ಮೆಯ ಮೂತಿಗೆ ಬಿಸಿ ಗಂಜಿ ಹಿಡಿದರು.

ದೂರ ಹೋಗಿ ಮರಳಿದವರ ಪಾಡೇ ಹೀಗೆ. ಹೊರಗಿನ ಲೋಕಕ್ಕೆಲ್ಲ ಊರು ಅವರನ್ನೇ ಜಾಮೀನಾಗಿ ನಿಲ್ಲಿಸುತ್ತದೆ. ಕಾಣದ್ದನ್ನೂ ಕಂಡಂತೆ ಹೇಳಿಸುತ್ತದೆ. ಎಂದಾದರೊಮ್ಮೆ ಅವರು ಹತ್ತು ಜನರೆದುರು ತಮಗೆ ತಿಳಿಯದೆಂದು ಒಪ್ಪಿಕೊಳ್ಳುತ್ತಾರಲ್ಲ, ಅಂದೇ ಅವರ ಪ್ರಯಾಣ ಮುಗಿದು ಅವರು ಮನೆ ಮುಟ್ಟುತ್ತಾರೆಂದು ನನಗನ್ನಿಸುತ್ತದೆ.